ಪಕ್ಕೆಲುಬಿನ ಕೆಳಗಿನ ಕೈ

ಈ ಸಲವೂ ಹಾಡಿನ ಸಾಲು ಮುಗಿಯುವ ಮೊದಲೇ ಪೀಪಿಯ ಉಸಿರು ಕೈಕೊಟ್ಟಿತು. ಪಿಯಾನೋ ನಿಂತಿತು. ಗಾಲಿಕುರ್ಚಿಯ ಪಕ್ಕದಲ್ಲಿ ಮಂಡಿಯೂರಿದ್ದ ಅಕ್ಕ, ತಂಗಿಯ ಹೊಟ್ಟೆಯ ಮೇಲಿಂದ ಅಂಗೈ ತೆಗೆದು ಮಣಿಕಟ್ಟು ನೀವಿಕೊಂಡಳು.

ಚಿಕ್ಕಂದಿನಲ್ಲಿ ಕಿವಿ ತೂತಾಗುವಂತೆ ಹಾಡುತ್ತಿದ್ದುದಕ್ಕೆ ಮನೆಯವರು ಇಟ್ಟ ಹೆಸರು ಪೀಪಿ. ಬಸ್ಸು ಮಗುಚಿ ಬೆನ್ನುಹುರಿಗೆ ಪೆಟ್ಟು ಬಿದ್ದ ಮೇಲೆ ಎದೆಯಿಂದ ಕೆಳಗೆ ಅವಳಿಗೆ ಏನೂ ತಿಳಿಯುತ್ತಿರಲಿಲ್ಲ. ದನಿ ಉಳಿದಿತ್ತು, ಅದನ್ನು ತಳ್ಳುವ ಬಲ ಉಳಿದಿರಲಿಲ್ಲ. ಇಂಥ ಗಾಯಕರಿಗೇ ಪಾಠ ಹೇಳುವ ಟೀಚರು ಒಂದು ಉಪಾಯ ತೋರಿಸಿದ್ದರು. ಹಾಡುವಾಗ ಯಾರಾದರೂ ಪಕ್ಕೆಲುಬಿನ ಕೆಳಗೆ ಹದವಾಗಿ ಒತ್ತಿದರೆ ಸ್ವರ ನಿಲ್ಲುತ್ತದೆ. ಆ 'ಯಾರಾದರೂ' ಅಕ್ಕನೇ ಆದಳು, ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಬರುತ್ತಿದ್ದಳು. ಈ ಸಾಲನ್ನು ಕಡಿಯದೆ ಹಾಡಿದರೆ ವೃಂದಗಾನಕ್ಕೆ ಸೇರಿಸಿಕೊಳ್ಳುವುದಾಗಿ ಟೀಚರು ಮಾತು ಕೊಟ್ಟಿದ್ದರು.

ಇನ್ನೊಮ್ಮೆ ನೋಡೋಣ ಎಂದು ಟೀಚರು ತಿರುಗಿ ನೋಡದೆಯೇ ನುಡಿಸತೊಡಗಿದರು.

ಪೀಪಿ ಕಣ್ಣು ಮುಚ್ಚಿ ಹಾಡಿದಳು. ಸ್ವರ ಏರಿತು, ನಿಂತಿತು, ಎಲ್ಲೂ ನಡುಗದೆ ಸಾಲಿನ ಕೊನೆ ಮುಟ್ಟಿತು. ಕಣ್ಣು ಬಿಟ್ಟು ಎದುರಿನ ಕನ್ನಡಿ ನೋಡಿದರೆ ಪಕ್ಕದಲ್ಲಿ ಅಕ್ಕ ಇರಲಿಲ್ಲ. ಗಾಜಿನ ಬಾಗಿಲಾಚೆ ನಿಂತು ಫೋನಿನಲ್ಲಿ ಮಾತಾಡುತ್ತಿದ್ದಳು. ಪೀಪಿಯ ಹೊಟ್ಟೆಯ ಮೇಲಿನ ಬಟ್ಟೆ ಮಾತ್ರ ಅಗಲವಾದ ಅಂಗೈಯಷ್ಟು ಒಳಕ್ಕೆ ತಗ್ಗಿತ್ತು. ಬೆರಳುಗಳ ಗುರುತೂ ಇತ್ತು. ನೋಡನೋಡುತ್ತಿದ್ದಂತೆ ಅದು ಮೆಲ್ಲಗೆ ಮೇಲೆದ್ದಿತು.

"ನಿಮ್ಮಕ್ಕನ ಕೈ ಇವತ್ತು ಸರಿಯಾಗಿ ಬಿತ್ತು ನೋಡು," ಎಂದರು ಟೀಚರು.

ಪೀಪಿಗೆ ಅರಿವಿದ್ದಷ್ಟು ಮೈಯೆಲ್ಲ ತಣ್ಣಗಾಯಿತು. ಹೇಳಿಬಿಡಬೇಕೆಂದು ಬಾಯಿ ತೆರೆದಳು. ಆದರೆ ಬಸ್ಸು ಮಗುಚಿದಂದಿನಿಂದ ತನ್ನ ದನಿ ತನ್ನದೇ ಎನಿಸಿದ್ದು ಇದೇ ಮೊದಲು. "ಹೌದು ಟೀಚರ್," ಎಂದಳು.

ಅಕ್ಕ ತಪ್ಪು ಮಾಡಿದವಳಂತೆ ಓಡಿಬಂದು ಮಂಡಿಯೂರಿ ಕೈಚಾಚಿದಳು.

"ಬೇಡ ಅಕ್ಕ. ನೀನು ಕೂತ್ಕೋ."

"ಯಾಕೆ, ನೋವಾಗತ್ತಾ?" ಎಂದವಳು, ಎಷ್ಟು ಒತ್ತಿದರೂ ತಂಗಿಗೆ ನೋವಾಗುವುದಿಲ್ಲವೆಂಬುದು ನೆನಪಾಗಿ ಕೈ ಹಿಂದಕ್ಕೆ ತೆಗೆದುಕೊಂಡಳು. ಮುಖ ಸಣ್ಣದು ಮಾಡಿಕೊಂಡು ಪಕ್ಕದ ಸ್ಟೂಲಿನ ಮೇಲೆ ಕೂತಳು.

ಪಿಯಾನೋ ಶುರುವಾಯಿತು. ಈ ಸಲ ಪೀಪಿ ಕಣ್ಣು ಮುಚ್ಚಲಿಲ್ಲ, ಕನ್ನಡಿಯನ್ನೂ ನೋಡಲಿಲ್ಲ. ಅಕ್ಕನನ್ನೇ ನೋಡುತ್ತ ಹಾಡಿದಳು. ಸ್ವರ ಏರಿ ನಿಂತಾಗ ಅಕ್ಕನ ಕಣ್ಣು ತಂಗಿಯ ಹೊಟ್ಟೆಯತ್ತ ಇಳಿದು, ಒಳಕ್ಕೆ ತಗ್ಗಿದ ಬಟ್ಟೆಯ ಮೇಲೆ ನಾಟಿತು. ಅವಳು ಚೀರಲಿಲ್ಲ. ಸದ್ದಾಗದಂತೆ ಸ್ಟೂಲನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡಳು, ಅಲ್ಲಿ ಮಂಡಿಯೂರಿದವರಿಗೆ ಜಾಗ ಸಾಲದೇನೋ ಎಂಬಂತೆ.