ಎರಡನೇ ಕಿವಿ

ನಿಧಾನವಾಯಿತು, ಹೌದು, ಈಗಷ್ಟೇ ನಿಧಾನವಾಯಿತು, ನನ್ನ ಭ್ರಮೆಯಲ್ಲ, ಗೋಡೆಯ ಮೇಲಿನ ಸ್ಪೀಕರಿನಲ್ಲಿ ಆ ಕೊಳಲಿನ ಸ್ವರ ಮೊದಲಿಗಿಂತ ಒಂದು ಚಿಟಿಕೆ ಹೆಚ್ಚು ಎಳೆದುಕೊಂಡಿತು — ಕೊಳಲೂ ಅಲ್ಲ, ನಾನೇ ಕಟ್ಟಿದ ಸುಳ್ಳು ಕೊಳಲು — ಮುಚ್ಚಿದ ಬಾಗಿಲಾಚೆ ಅಮ್ಮ, ಆಪರೇಷನ್ ಮುಗಿದು ಎರಡು ಗಂಟೆಯಾಯಿತು, ಅವಳ ಹಾಸಿಗೆಯಡಿ ಉಸಿರು ಆಲಿಸುವ ನನ್ನ ಪೆಟ್ಟಿಗೆ, ಅವಳ ಉಸಿರು ಚುರುಕಾದರೆ ಸಂಗೀತವೂ ಚುರುಕು, ಉಸಿರು ನಿಧಾನವಾದರೆ ಅದೂ ನಿಧಾನ, ಮೂರು ವರ್ಷ ಕೂತು ಮಾಡಿದ್ದು, ಈ ಆಸ್ಪತ್ರೆಯವರನ್ನು ಒಪ್ಪಿಸಿದ್ದು, ಅಮ್ಮನಿಗೆ ಆ ಕೋಣೆಯೇ ಬೇಕೆಂದು ಹಟ ಹಿಡಿದವಳೂ ನಾನೇ. ಅಮ್ಮ ನಕ್ಕಿದ್ದಳು, ನಾನು ಉಸಿರಾಡಿದ್ದಕ್ಕೂ ತಾಳ ಹಾಕ್ತೀಯೇನೇ, ಗೊರಕೆ ಹೊಡೆದ್ರೆ ಡೋಲು ಬಾರಿಸ್ತೀಯಾ.

ಮತ್ತೆ ನಿಧಾನ. ನರ್ಸ್ ಬಾಗಿಲನ್ನು ಅಂಗೈಯಗಲ ತೆರೆದು, ಡಾಕ್ಟರ್ ಒಳಗಿದಾರೆ, ಅವರೇ ಬಂದು ಹೇಳ್ತಾರೆ, ಕೂತ್ಕೊಳ್ಳಿ — ಕೂರುವುದಂತೆ, ಅಕ್ಕ ಆ ಗೋಡೆಯಿಂದ ಈ ಗೋಡೆಗೆ ಚಪ್ಪಲಿ ಟಕಟಕ ಅನ್ನಿಸುತ್ತಾ, ಭಾವ ಫೋನಿನಲ್ಲಿ ಯಾರಿಗೋ, ಏನಿಲ್ಲ ಏನಿಲ್ಲ, ಎಲ್ಲಾ ಚೆನ್ನಾಗಿದೆ, ದನಿ ಮಾತ್ರ ಏರುತ್ತಿದೆ, ಇಲ್ಲೇ ನನ್ನ ಅತಿಬುದ್ಧಿ ಕೈಕೊಟ್ಟಿದ್ದು, ಪೆಟ್ಟಿಗೆಗೆ ಇನ್ನೊಂದು ಕಿವಿ ಇಟ್ಟುಬಿಟ್ಟೆ, ಹೊರಗೆ, ಈ ಕುರ್ಚಿಗಳ ಹತ್ತಿರ, ಕಾಯುವವರು ಚಡಪಡಿಸಿದರೆ, ಓಡಾಡಿದರೆ, ದನಿ ಏರಿಸಿದರೆ, ಅವರ ಸಮಾಧಾನಕ್ಕೆ ಅದೇ ಸಂಗೀತ ನಿಧಾನವಾಗಲಿ ಎಂದು, ಎಂಥ ಚೆಂದದ ಯೋಚನೆ ಎಂದು ಎಲ್ಲರೂ ಬೆನ್ನು ತಟ್ಟಿದರು, ನಿಧಾನವಾದಾಗ ಅದು ಒಳಗಿನವರಿಂದಲೋ ಹೊರಗಿನವರಿಂದಲೋ ಹೇಗೆ ತಿಳಿಯುವುದು ಎಂದು ಒಬ್ಬರೂ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ, ಮಾಡಿದ್ದುಣ್ಣೋ ಮಹರಾಯ. ಭಯವಾಗುತ್ತಿದೆ, ತುಂಬ ಭಯ. ಇದು ಅಕ್ಕನ ಚಪ್ಪಲಿಯಿಂದ ಇರಬಹುದು, ಅಕ್ಕನ ಚಪ್ಪಲಿಯಿಂದಲೇ ಇರಲಿ.

ಅಕ್ಕಾ, ಕೂತ್ಕೋ. ಯಾಕೇ, ಏನಾಯ್ತು. ಏನಿಲ್ಲ, ಚಪ್ಪಲಿ ಬಿಚ್ಚಿ ಕೂತ್ಕೋ, ಭಾವ ಫೋನ್ ಇಡಿ, ಒಂದು ನಿಮಿಷ ಯಾರೂ ಅಲ್ಲಾಡಬೇಡಿ — ಹುಚ್ಚಿಯನ್ನು ನೋಡುವ ಹಾಗೆ ನೋಡಿದರು, ಆದರೂ ಕೂತರು, ಈಗ ಸದ್ದಿಲ್ಲ, ನಮ್ಮಿಂದಾಗಿದ್ದರೆ ಸಂಗೀತ ಚೇತರಿಸಿಕೊಳ್ಳಬೇಕು, ಹತ್ತು ಎಣಿಸುವಷ್ಟರಲ್ಲಿ, ಹಾಗೆ ಇಟ್ಟವಳು ನಾನೇ, ಒಂದು, ಎರಡು, ಅಮ್ಮನ ಹೊಲಿಗೆ ಮಿಷಿನ್ ಹೀಗೇ, ಕಟಕಟ ಓಡುತ್ತಿರುವಾಗ ನಾವು ಸುಳ್ಳು ಹೇಳಲು ಬಾಯಿ ತೆರೆದರೆ ಸಾಕು, ಪೆಡಲಿನಿಂದ ಬಲಗಾಲು ಎತ್ತಿ ಹಾಗೇ ಹಿಡಿಯುತ್ತಿದ್ದಳು, ಹೂಂ, ಹೇಳು, ಹಿಮ್ಮಡಿ ಒಡೆದ ಆ ಕಾಲು ನಿಜ ಹೇಳುವವರೆಗೂ ಕೆಳಗಿಳಿಯುತ್ತಿರಲಿಲ್ಲ, ಐದು, ಆರು, ಸುಳ್ಳು ಹೇಳಲಿಲ್ಲಮ್ಮಾ, ಹೆದರಬೇಡ, ನನ್ನ ಪೆಟ್ಟಿಗೆ ಇದೆ ಅಂತ ಆಪರೇಷನ್ನಿಗೆ ಮುಂಚೆ ನಿನಗೆ ಅಂದಿದ್ದು ಸುಳ್ಳಲ್ಲ, ಎಂಟು, ಅಕ್ಕನ ಕೈ ನನ್ನ ಮೊಣಕಾಲಿನ ಮೇಲೆ, ತಣ್ಣಗಿದೆ, ಅಲ್ಲಾಡುತ್ತಿಲ್ಲ, ಯಾರೂ ಅಲ್ಲಾಡುತ್ತಿಲ್ಲ, ಭಾವ ಉಸಿರು ಬಿಗಿಹಿಡಿದಿದ್ದಾರೆ, ಹತ್ತು, ಸ್ವರ ಚುರುಕಾಗಲಿಲ್ಲ, ಇನ್ನೂ ಉದ್ದವಾಯಿತು, ಹನ್ನೊಂದು, ಹನ್ನೆರಡು, ಒಂದೇ ಸ್ವರ, ಮುಂದಿನದು ಬರುತ್ತಿಲ್ಲ, ಮೇಲೆತ್ತಿದ ಆ ಕಾಲು, ಇಳಿಸಮ್ಮಾ, ಪೆಡಲಿಗಿಂತ ಒಂದು ಗೇಣು ಮೇಲೆ, ಇಳಿಸು, ಒಡೆದ ಹಿಮ್ಮಡಿ, ಮೇಲೆತ್ತಿದ ಆ ಕಾಲು