ಉಪ್ಪು ತೊಳೆದ ಭತ್ತ

ಅವ್ವನ ಗದ್ದೆಗೆ ಕಡಲು ನುಗ್ಗಿದ ವರ್ಷ ತಂಗಿ ದೊಡ್ಡ ಮಾತೊಂದನ್ನು ಆಡಿಬಿಟ್ಟಿದ್ದಳು. "ಈ ಭತ್ತ ಉಪ್ಪಲ್ಲೂ ಮೊಳೆಯೋ ಹಾಗೆ ಮಾಡ್ತೀನಿ ಅಕ್ಕ. ಅಲ್ಲೀತನಕ ಈ ಕಡೆ ತಲೆ ಹಾಕಲ್ಲ." ಸತ್ತುಹೋದ ಅವ್ವ ಉಳಿಸಿದ್ದು ಡಬ್ಬಿಯ ತಳದ ಹಿಡಿ ಬೀಜ. ಅಕ್ಕ ಅದನ್ನೂ ಕೊಟ್ಟು ಕಳಿಸಿದಳು. ಹಟ ಅಂದರೆ ಹಟ. ಆಮೇಲೆ ಅಕ್ಕನಿಗೆ ಮಗಳು ಹುಟ್ಟಿದಳು, ಶಾಲೆಗೂ ಸೇರಿದಳು, ಚಿಕ್ಕಮ್ಮ ಮಾತ್ರ ಫೋನಿನಲ್ಲೇ ಉಳಿದಳು. ಫೋನೆತ್ತಿದರೆ ಅಕ್ಕನದು ಒಂದೇ ಪ್ರಶ್ನೆ: "ಮೊಳೀತಾ?" ತಂಗಿಗೆ ರೇಗುತ್ತಿತ್ತು.

ತಾನು ಕೆಲಸಕ್ಕಿದ್ದ ಪಟ್ಟಣದ ಪ್ರಯೋಗಾಲಯದಲ್ಲಿ ಅವಳು ಆ ಭತ್ತಕ್ಕೆ ಚೌಳುನೆಲದ ಹುಲ್ಲೊಂದರ ಜೀನ್ ಸೇರಿಸಿದಳು. ವರ್ಷಗಟ್ಟಲೆ ನೀರಲ್ಲಿ ಹೋಮ. ಕೊನೆಗೊಂದು ಬೆಳಿಗ್ಗೆ ಮುಚ್ಚಳ ತೆಗೆದರೆ, ಉಪ್ಪುನೀರಿನಲ್ಲಿ ಕೂತ ಬೀಜಗಳು ಬಿಳಿ ಮೊಳಕೆ ಚಾಚಿದ್ದವು. ಹೋಲಿಕೆಗೆಂದು ಪಕ್ಕದ ತಟ್ಟೆಯಲ್ಲಿಟ್ಟ ಅವ್ವನ ಸಾದಾ ಭತ್ತ ಜಪ್ಪಯ್ಯ ಅಂದರೂ ಅಲುಗಾಡಿರಲಿಲ್ಲ. ಅಕ್ಕನ ಮನೆಯ ಹಿತ್ತಿಲ ಬಾಗಿಲು ಅವಳ ಕಣ್ಣಿಗೆ ಕಟ್ಟಿತು.

"ಸರ್, ನಾಲ್ಕು ಸಸಿ ಊರಿಗೆ ಒಯ್ಯಲಾ?"

ಪ್ರಯೋಗಾಲಯದ ಮುಖ್ಯಸ್ಥರು ಕನ್ನಡಕ ತೆಗೆದರು. "ನಿನಗೆ ಗೊತ್ತಿಲ್ದೇ ಇರೋದಾ ಇದು? ಜೀನ್ ಬದಲಾದದ್ದು ಅನುಮತಿ ಇಲ್ದೆ ಬಾಗಿಲು ದಾಟಲ್ಲ. ಬೀಜಕ್ಕೆ ಬೇಕಾದಷ್ಟು ಉಳಿಸ್ಕೊಂಡು, ಮಿಕ್ಕಿದ್ದನ್ನ ಬೇಯಿಸ್ಬಿಡು."

"ಅನುಮತಿ ಯಾವಾಗ ಸಿಗುತ್ತೆ ಸರ್?"

"ನಾನು ಹಿಂದೊಂದಕ್ಕೆ ಅರ್ಜಿ ಹಾಕಿದಾಗ ನನ್ನ ತಲೆ ತುಂಬ ಕೂದಲಿತ್ತಮ್ಮ."

ಗೊತ್ತಿಲ್ಲದ್ದೇನಲ್ಲ. ಆಸೆ ತಡೆಯದೆ ಕೇಳಿದ್ದಳು, ಅಷ್ಟೆ. ಇಷ್ಟು ವರ್ಷ ಕಾದು ಪಡೆದ ಸಸಿಗಳನ್ನು ತನ್ನ ಕೈಯಾರೆ ಬಿಸಿ ಆವಿಯ ಯಂತ್ರಕ್ಕೆ ಹಾಕುವಾಗ ಅವಳಿಗೆ ಅಳು ತಡೆಯಲಾಗಲಿಲ್ಲ.

ಒಂದು ಕೆಲಸ ಬಾಕಿಯಿತ್ತು. ಮೊಳೆಯದ ಬೀಜ ಸತ್ತಿದೆಯೋ ಬದುಕಿದೆಯೋ ತಿಳಿಯಲು ಅದನ್ನು ತೊಳೆದು ಸಿಹಿನೀರಿನಲ್ಲಿ ಇಡಬೇಕು. ಬೇಸರದಿಂದಲೇ ಇಟ್ಟಳು. ವಾರ ಕಳೆಯುವುದರೊಳಗೆ ಅವ್ವನ ಭತ್ತ ಮೊಳೆತು ನಿಂತಿತ್ತು. ಸತ್ತಿರಲಿಲ್ಲ, ಉಪ್ಪು ಹೋಗಲಿ ಎಂದು ಸುಮ್ಮನೆ ಕಾದಿತ್ತು. ಜೀನ್ ಬದಲಾಗದ ಇದನ್ನು ಒಯ್ಯಲು ಯಾರ ಅಡ್ಡಿಯೂ ಇರಲಿಲ್ಲ.

ಅವತ್ತು ಅವಳೇ ಫೋನ್ ಮಾಡಿದಳು.

"ಅಕ್ಕ, ಉಪ್ಪಲ್ಲಿ ಮೊಳೆತದ್ದನ್ನ ತರೋ ಹಾಗಿಲ್ಲ. ಅವ್ವನ ಹಳೇ ಭತ್ತದ ಸಸಿ ಇದೆ. ಆದ್ರೆ ಅದು ನಮ್ಮ ಗದ್ದೇಲಿ ಉಳಿಯಲ್ಲ. ಯಾರ ಕೈಲಾದ್ರೂ ಕಳಿಸ್ಲಾ?"

ಅಕ್ಕ ಫೋನು ಹಿಡಿದೇ ಅಂಗಳಕ್ಕೆ ಬಂದಳು.

"ಅಂಗಳದಲ್ಲಿ ಒಂದು ಹಳೇ ಬಕೆಟ್ ಇದೆ. ಕುಡಿಯೋ ನೀರಲ್ಲೇ ಒಂದಿಷ್ಟು ಹಾಕಿ ಬೆಳೆಸ್ತೀನಿ. ಆದ್ರೆ ಕಳಿಸ್ಬೇಡ ಕಣೇ. ಇಷ್ಟು ವರ್ಷ ಮೊಳೀತಾ, ಮೊಳೀತಾ ಅಂತ ಯಾಕೆ ಕೇಳ್ತಿದ್ದೆ ಅಂದ್ಕೊಂಡೆ? ಮೊಳೆತ್ರೆ ನೀನು ಬರ್ತೀಯಲ್ಲ ಅಂತ."

ತಂಗಿ ತಟ್ಟೆಯ ಕಡೆ ನೋಡಿದಳು.

"ಮೊಳೀತು ಅಕ್ಕ," ಅಂದಳು.