ಹಿಡಿದು ಬಿಟ್ಟದ್ದು

ಇನ್ನೂ ಬಿಡಬಾರದು, ಇದಕ್ಕೆ ಉಸಿರು ಬರಲಿ ಎಂದುಕೊಂಡು ಅಮರನಾಥ ಮೀನನ್ನು ನೀರಿನೊಳಗೆ ಹಿಡಿದೇ ನಿಂತಿದ್ದ. ಅಂಗಿಯ ಜೇಬಿನಲ್ಲಿ ಫೋನು ಎರಡನೇ ಸಲ ನಡುಗಿತು. ಅಕ್ಕನೇ ಇರಬೇಕು. ಆಳಂದದಿಂದ ಹೊರಟ ಕಾರು ಗಾಣಗಾಪುರ ಮುಟ್ಟಿರಬೇಕು.

ಮುಕ್ಕಾಲು ಕಿಲೋದ ರೋಹು. ದಂಡೆಗೆ ಎಳೆದುಕೊಂಡ ಮೇಲೆ ಎಂದಿನಂತೆ ಟವೆಲ್ಲಿಗೆ ಕೈ ಒರೆಸಿಕೊಂಡು, ಎಡಗೈಯಲ್ಲಿ ಮೀನನ್ನು ಬಿಗಿಯಾಗಿ ಎತ್ತಿ ಹಿಡಿದು ಬಲಗೈಯಲ್ಲಿ ಫೋಟೊ ತೆಗೆದಿದ್ದ. ಫೋನಿನಲ್ಲಿ ಇಂಥ ಫೋಟೊಗಳು ನೂರರ ಮೇಲೆ ಇದ್ದವು. ಎಲ್ಲದರಲ್ಲೂ ಒಂದೇ ಕೈ, ಬೇರೆ ಬೇರೆ ಮೀನು.

ಮೀನು ಬಾಲ ಒದರಿ ಜಾರಿಹೋಯಿತು. ಭೀಮೆಯ ಜನವರಿ ನೀರಿನಲ್ಲಿ ಒಂದು ಕಪ್ಪು ಗೆರೆ ಕಂಡು ಇಲ್ಲವಾಯಿತು. ಈ ಗಳಿಗೆಗಾಗಿಯೇ ಅವನು ವಾರವಿಡೀ ಕಾಯುತ್ತಿದ್ದ. ಹಿಡಿಯುವಾಗಿನ ಸುಖ ಅಷ್ಟಕ್ಕಷ್ಟೇ. ಬಿಟ್ಟಮೇಲೆ ಕೈ ಖಾಲಿಯಾಗುತ್ತದಲ್ಲ, ಅದು ಹಿತವಾಗಿತ್ತು.

"ಇವತ್ತೂ ಬಿಟ್ರ್ಯಾ ಸರ್?"

ಖಾದರಸಾಬ. ತುಸು ಕೆಳಗೆ ಹೊಳೆಗೆ ಬಲೆ ಹಾಕಿ ಅಫಜಲಪುರದ ಸಂತೆಗೆ ಮೀನು ಒಯ್ಯುವವನು. ಅರವತ್ತು ದಾಟಿದ ಆಸಾಮಿ.

"ಬಿಟ್ಟೆ."

"ತಿನ್ನಂಗಿಲ್ಲ, ಮಾರಂಗಿಲ್ಲ. ಮತ್ಯಾಕ ಹಿಡೀತೀರಿ?"

"ಹಂಗ, ಸುಮ್ಮನ."

"ಅಲ್ರಿ, ಸುಮ್ಮನ ಅದಕ್ಕ ತ್ರಾಸ್ ಅಲ್ಲೇನು?"

"ನನ್ನ ಗಾಳದ ತುದಿಗೆ ಹಿಂದಕ್ಕ ಬಾಗಿದ ಮುಳ್ಳಿಲ್ರಿ. ಅರದಲೆ ತಿಕ್ಕಿ ತೆಗದೇನಿ. ಅದಕ್ಕ ಏನೂ ಆಗಂಗಿಲ್ಲ."

ಖಾದರಸಾಬ ಏನೋ ಹೇಳಲು ಬಾಯಿ ತೆರೆದ. ಕಾಲೇಜಿನ ಮೇಷ್ಟರಿಗೆ ಹೇಳುವುದು ಹೇಗೆ ಎಂದು ತೋಚದೆಯೋ ಏನೋ, ಬಲೆ ಬಿಡಿಸುತ್ತ ಹೋಗಿಬಿಟ್ಟ. ಅಮರನಾಥನಿಗೂ ಕೇಳುವ ಆಸೆಯಿರಲಿಲ್ಲ. ಅವನು ದಾರ ಸುತ್ತಿ ಕೋಲನ್ನು ಮೂರು ತುಂಡಾಗಿ ಬಿಚ್ಚಿ ಚೀಲಕ್ಕೆ ಹಾಕಿದ.

ನಾಲ್ಕು ವರ್ಷದ ಹಿಂದೆ, ನಿದ್ದೆ ಬಾರದೆ ಫೋನು ಒತ್ತುತ್ತಿದ್ದಾಗ ಈ ಹುಚ್ಚು ಹತ್ತಿತ್ತು. ಹಿಮ ಬೀಳುವ ಯಾವುದೋ ದೇಶದ ವಿಡಿಯೊ. ಸೊಂಟದ ಮಟ್ಟ ನೀರಿನಲ್ಲಿ ನಿಂತ ಒಬ್ಬಂಟಿ ಗಂಡಸರು. ಪುಕ್ಕ ಸುತ್ತಿದ ಹುಸಿ ನೊಣವನ್ನು ನೀರಿನ ಮೇಲೆ ಬೀಸಿ ಟ್ರೌಟ್ ಎಂಬ ಚುಕ್ಕಿ ಮೀನು ಹಿಡಿಯುತ್ತಿದ್ದರು. ಚಳಿಗಾಲದ ಆ ತಿಂಗಳುಗಳಲ್ಲಿ ಹಿಡಿದದ್ದನ್ನೆಲ್ಲ ಬಿಟ್ಟುಬಿಡಬೇಕೆಂದು ಅಲ್ಲಿ ಕಾಯಿದೆಯೇ ಇತ್ತು. ಅವರು ಏನೇನೋ ಎಚ್ಚರಿಕೆ ಹೇಳುತ್ತಿದ್ದರು. ಉಚ್ಚಾರ ಅರ್ಧ ತಿಳಿಯುತ್ತಿರಲಿಲ್ಲ, ತಿಳಿದುಕೊಳ್ಳುವ ತಾಳ್ಮೆಯೂ ಇರಲಿಲ್ಲ. ಕಾಯಿದೆ ಮಾತ್ರ ಬಹಳ ಹಿಡಿಸಿತು. ಹಿಡಿದರೂ ಹೊಣೆಯಿಲ್ಲ.

ಮೀನು ತಿನ್ನದ, ಲಿಂಗ ಕಟ್ಟಿದ ಮನೆತನದವನಿಗೆ ಇದಕ್ಕಿಂತ ಅನುಕೂಲದ ಕಾಯಿದೆ ಇನ್ನೊಂದಿರಲಿಲ್ಲ. ಕೋಲು ಪಾರ್ಸಲ್ಲಿನಲ್ಲಿ ಬಂತು. ಖಾಜಾನ ಕೋಳಿ ಅಂಗಡಿಗೆ ಹೋಗಿ ಬರೀ ಪುಕ್ಕ ಕೇಳಿದಾಗ ಅವನು ನಕ್ಕು ಒಂದು ಚೀಲ ತುಂಬಿಸಿಕೊಟ್ಟಿದ್ದ. ಭೀಮೆಯಲ್ಲಿ ಟ್ರೌಟ್ ಎಲ್ಲಿಂದ ಬರಬೇಕು? ಸಿಕ್ಕದ್ದು ಹಿಡಿದ, ಬಿಟ್ಟ. ದೀಪಾವಳಿಯಿಂದ ಶಿವರಾತ್ರಿವರೆಗೆ ತನ್ನದೇ ಒಂದು ಹಂಗಾಮು ಮಾಡಿಕೊಂಡ.

ಮನೆಯಲ್ಲಿ ಮಾತ್ರ ಸಂಗಮದ ಸ್ನಾನಕ್ಕೆ ಹೋಗುತ್ತೇನೆ ಎಂದಿದ್ದ. ಯಾರೂ ಕೆದಕಲಿಲ್ಲ. ಮೂವತ್ತೆಂಟಕ್ಕೂ ಮದುವೆಯಾಗದವನು ಯಾವ ದೇವರ ಬಾಗಿಲಿಗೆ ಹೋದರೂ ಜನ ಅರ್ಥ ಮಾಡಿಕೊಳ್ಳುತ್ತಾರೆ.

ಬಸ್‌ಸ್ಟ್ಯಾಂಡಿನ ಹತ್ತಿರ ಮೋಟಾರ್‌ಸೈಕಲ್ ಬಿಟ್ಟು, ಚೀಲವನ್ನು ಅದಕ್ಕೇ ಕಟ್ಟಿ, ಬೇರೆ ಅಂಗಿ ತೊಟ್ಟು ಕಾರು ಹತ್ತಿದ. ಅಕ್ಕ ಮಧುಮತಿ ಹಿಂದಿನ ಸೀಟಿನಲ್ಲಿ ಸರಿದು ಜಾಗ ಮಾಡಿದಳು. ಅವಳ ಗಂಡ ಗೇರು ಹಾಕಿದ.

"ಸ್ನಾನ ಆತಾ?"

"ಆತು."

"ಕೈ ಏನೋ ವಾಸನಿ ಹೊಡೀತದಲ್ಲೋ."

"ಹೊಳಿ ನೀರು."

"ನೆಲೋಗಿ ಮಂದಿ ಛಲೋ ಮಂದಿ ಅಂತ ಹೇಳ್ಯಾರ. ಹುಡುಗಿ ಸಾಲ್ಯಾಗ ಗಣಿತ ಕಲಿಸ್ತಾಳ. ಸರಿಗೆ ಮಾತಾಡು. ಗೋಡಿ ನೋಡ್ಕೊಂಡು ಕುಂದರಬ್ಯಾಡ."

ಇದು ಇಪ್ಪತ್ತಮೂರನೆಯ ಮನೆ. ಎಣಿಕೆ ಅಕ್ಕನದು. ಮೊದಲಿನ ಕೆಲವಕ್ಕೆ ಸೋದರಮಾವ ಕರೆದೊಯ್ಯುತ್ತಿದ್ದ. ಅವನು ತೀರಿಕೊಂಡ ಮೇಲೆ ಆ ಕೆಲಸ ಅಕ್ಕನ ತಲೆಗೆ ಬಿತ್ತು. ಅಮರನಾಥ ಒಂದು ಹೆಣ್ಣನ್ನೂ ಹಳಿದವನಲ್ಲ. ಬಣ್ಣ ಕಡಿಮೆ, ಎತ್ತರ ಸಾಲದು ಎಂದು ಯಾರ ಮನಸ್ಸನ್ನೂ ನೋಯಿಸಿದವನಲ್ಲ. ಹೋಗುತ್ತಿದ್ದ, ಚಹಾ ಕುಡಿಯುತ್ತಿದ್ದ, ನಮಸ್ಕಾರ ಮಾಡಿ ಬರುತ್ತಿದ್ದ. ಆಮೇಲೆ ಸುಮ್ಮನಾಗಿಬಿಡುತ್ತಿದ್ದ. ತನ್ನಷ್ಟು ಮೆತ್ತಗಿನ ಮನುಷ್ಯ ಈ ಮೂರು ತಾಲೂಕಿನಲ್ಲಿ ಇಲ್ಲ ಎಂದು ಅವನ ನಂಬಿಕೆ.

ನೆಲೋಗಿಯ ಮನೆಯ ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ಹುಡುಗಿಯ ತಂದೆ ಚಂದ್ರಾಮಪ್ಪ ಬಿಳಿ ಧೋತರದ ಮೇಲೆ ಹೊಸ ಅಂಗಿ ತೊಟ್ಟಿದ್ದರು. ಅಮರನಾಥನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಬಿಡಲಿಲ್ಲ. ಕಣ್ಣು ಒದ್ದೆಯಾದಂತಿತ್ತು. ಮುದುಕರು ಹಾಗೇ ಎಂದುಕೊಂಡ.

ಚುಡುವಾ ಬಂತು, ಶೇಂಗಾ ಉಂಡಿ ಬಂತು, ಚಹಾದ ತಟ್ಟೆ ಹಿಡಿದು ವಿಜಯಶ್ರೀ ಬಂದಳು. ಮೂವತ್ತೆರಡು ಮೂವತ್ಮೂರು ಇರಬಹುದು. ಅವಳು ತಲೆ ತಗ್ಗಿಸಲಿಲ್ಲ. ನೇರ ನೋಡಿದಳು. ಅಕ್ಕ ಮೊಣಕೈಯಿಂದ ತಿವಿದಳು.

"ಓದೋದಂದ್ರ ಇಷ್ಟ ಏನ್ರಿ?" ಎಂದು ಕೇಳಿದ.

ವಿಜಯಶ್ರೀಯ ತುಟಿಯ ಮೂಲೆಯಲ್ಲಿ ಏನೋ ಆಯಿತು. "ಹೌದ್ರಿ," ಎಂದಳು.

ಹುಡುಗ ಹುಡುಗಿ ಎರಡು ಮಾತಾಡಲಿ ಎಂದು ಚಂದ್ರಾಮಪ್ಪನವರೇ ಹೇಳಿದರು. ಇಬ್ಬರೂ ಮಾಳಿಗೆ ಹತ್ತಿದರು. ಮೇಲೆ ತೊಗರಿ ಒಣಹಾಕಿತ್ತು. ಅವಳು ಅದನ್ನು ತುಳಿಯದಂತೆ ಅಂಚಿನಲ್ಲಿ ನಡೆದು ಕಟ್ಟೆಗೆ ಒರಗಿ ನಿಂತಳು. ಅಮರನಾಥ ದೂರದ ಜೋಳದ ಹೊಲ ನೋಡಿದ.

"ನಿಮಗ ನೆನಪಿಲ್ಲ," ಎಂದಳು.

"ಏನ್ರಿ?"

"ಆರು ವರ್ಷದ ಹಿಂದ. ಯಡ್ರಾಮ್ಯಾಗ, ನಮ್ಮ ಸೋದರಮಾವನ ಮನ್ಯಾಗ. ನನ್ನ ನೋಡಾಕ ಬಂದಿದ್ರಿ."

ಯಡ್ರಾಮಿ. ಜೀಪಿನ ಚಕ್ರ ಪಂಕ್ಚರಾಗಿ ಎರಡು ತಾಸು ಬಿಸಿಲಲ್ಲಿ ನಿಂತದ್ದು ನೆನಪಾಯಿತು. ಜ್ಯಾಕು ಯಾರೋ ಪೆಟ್ರೋಲ್ ಬಂಕಿನಿಂದ ತಂದುಕೊಟ್ಟಿದ್ದರು. ಆ ಮನೆ, ಆ ಪಡಸಾಲೆ, ಅಲ್ಲೊಬ್ಬ ಹುಡುಗಿ, ಏನೂ ಸಿಗಲಿಲ್ಲ.

"ಬಿಸ್ಕೀಟ್ ಚಹಾದಾಗ ಅದ್ದಿದ್ರಿ. ಮುರದು ಒಳಗ ಬಿತ್ತು. ಚಮಚ ತರ್ಲೇನು ಅಂದ್ರ ಬ್ಯಾಡ ಅಂದ್ರಿ. ಆಮ್ಯಾಲ ಓದೋದಂದ್ರ ಇಷ್ಟ ಏನ್ರಿ ಅಂತ ಕೇಳಿದ್ರಿ."

"ತಪ್ಪ ತಿಳೀಬ್ಯಾಡ್ರಿ," ಎಂದ.

"ತಪ್ಪ ತಿಳ್ಕೊಂಡಿಲ್ರಿ. ಅವತ್ತ ಏಳುವಾಗ ನಿಮ್ಮ ಮಾವ ತಿಳಸ್ತೇವಿ ಅಂದ್ರು. ಅಪ್ಪ ಅದನ್ನ ಖರೇ ಅಂತ ಹಿಡದು ಕಾಯ್ದ. ಬ್ಯಾರೆ ಮಂದಿ ಬಂದ್ರ, ಒಂದ ಕಡಿ ಮಾತ ನಡದದ್ರಿ ಅಂತಿದ್ದ. ಒಂದೂವರಿ ವರ್ಷ. ಆಮ್ಯಾಲ ಊರಾಗ, ಆ ಹುಡುಗಿದು ಒಂದ ಕಡಿ ಮುರದದಂತ ಅಂತ ಮಾತ ಆತು. ಅಲ್ಲಿಂದ ಬರೋರೇ ಕಡಿಮಿ ಆದ್ರು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬೋರ್ಡಿನ ಮೇಲೆ ಲೆಕ್ಕ ಬಿಡಿಸುವವಳ ಹಾಗೆ ಒಂದೊಂದೇ ಹಂತ ಹೇಳುತ್ತಿದ್ದಳು. ಸಿಟ್ಟಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

"ಈಗ ನಿಮ್ಮ ಫೋಟೊ ಬಂದ ಕೂಡ್ಲೆ ಅಪ್ಪ ಗುರ್ತ ಹಿಡದ. ಯಾರೂ ಹಳೇದು ತೆಗೀಬ್ಯಾಡ್ರಿ ಅಂದಾನ. ತಿರುಗಿ ಬಂದಾರ ಅಂತ ಖುಷಿ ಆಗ್ಯಾನ."

"ನನಗ ಗೊತ್ತಿದ್ದಿಲ್ರಿ."

"ಗೊತ್ತಿಲ್ಲ ಅಂತ ಕೆಳಗ ನೀವು ಅದನ್ನೇ ತಿರುಗಿ ಕೇಳಿದಾಗ ತಿಳೀತು." ಮತ್ತೆ ಅಂದಳು: "ಒಂದ ಕೆಲಸ ಮಾಡ್ರಿ. ಶಹಾಪುರದಾಗ ಒಬ್ರು ಇದ್ದಾರ. ಹೆಂಡ್ತಿ ತೀರ್ಕೊಂಡಾಳ. ನಾಕು ವರ್ಷದ ಮಗಳು ಅದಾಳ. ಅವ್ರು ನನಗ ಒಪ್ಪಿಗಿ ಆಗ್ಯಾರ. ನಾಳಿಗೆ ಅವ್ರಿಗೆ ಮಾತ ಕೊಡಬೇಕು. ನಿಮ್ಮ ಸಲುವಾಗಿ ಅಪ್ಪ ತಡದಾನ. ಕೆಳಗ ಹೋಗಿ, ನಿಮ್ಮ ಬಾಯಲೇ, ಅಪ್ಪನ ಮುಂದ ಬ್ಯಾಡ ಅನ್ರಿ. ಹೂಂ ಅನ್ನೋದಿದ್ರ ಹೂಂ ಅನ್ರಿ, ನಾ ಅದಕ್ಕೂ ತಯಾರ ಇದ್ದೇನಿ. ತಿಳಸ್ತೇವಿ ಅಂತ ಮಾತ್ರ ಅನಬ್ಯಾಡ್ರಿ."

ಅಮರನಾಥ ಮೊದಲ ಸಲ ಅವಳನ್ನು ಸರಿಯಾಗಿ ನೋಡಿದ. ಬೆರಳ ತುದಿಯಲ್ಲಿ ಸೀಮೆಸುಣ್ಣದ ಬಿಳಿ ಉಳಿದಿತ್ತು. ಈ ಹೆಣ್ಣು ತನಗೆ ಬೇಕು ಎಂದು ಅನ್ನಿಸಿತು. ಹಿಂದಿನ ಇಪ್ಪತ್ತೆರಡು ಮನೆಗಳಲ್ಲಿ ಒಮ್ಮೆಯೂ ಹೀಗೆ ಅನ್ನಿಸಿರಲಿಲ್ಲ. ಅದರ ಬೆನ್ನಿಗೇ ಹೆದರಿಕೆಯಾಯಿತು. ಇವಳು ದಿನಾಲೂ ಮುಂಜಾನೆ ಎದ್ದು ತನ್ನನ್ನು ಹೀಗೆ ನೇರ ನೋಡುತ್ತಾಳೆ. ಏನನ್ನೂ ಮರೆಯುವುದಿಲ್ಲ.

"ಆಯ್ತ್ರಿ," ಎಂದ.

"ಏನ್ ಆಯ್ತ್ರಿ?"

"ಹೇಳ್ತೇನಿ."

"ಕೆಳಗೇ ಹೇಳ್ತೀರಿ?"

"ಹೌದ್ರಿ."

ಅವಳು ತಲೆಯಾಡಿಸಿದಳು. ನಂಬಿದಳು. ನಂಬಿದ್ದು ಅವನಿಗೆ ಕಾಣಿಸಿತು.

ಮೆಟ್ಟಿಲಿಳಿಯುವಾಗ ಎರಡೂ ಮಾತುಗಳನ್ನು ಬಾಯೊಳಗೇ ಆಡಿ ನೋಡಿದ. ಒಪ್ಪಿಗಿ ಅದ್ರಿ. ಬ್ಯಾಡ್ರಿ. ಎರಡೂ ಸಣ್ಣ ಮಾತು. ತರಗತಿಯಲ್ಲಿ ತಾಸುಗಟ್ಟಲೆ ರಸಾಯನಶಾಸ್ತ್ರ ಹೇಳುವ ಬಾಯಿ ಅದು. ಪಡಸಾಲೆಗೆ ಬಂದಾಗ ಚಂದ್ರಾಮಪ್ಪ ಎದ್ದು ನಿಂತರು. ಅಕ್ಕ ಕುಂದರ್ರಿ ಅಂದರೂ ಕೂರಲಿಲ್ಲ.

"ಏನಂತೀರಿ ಸರ್?"

ಒಳಬಾಗಿಲಲ್ಲಿ ವಿಜಯಶ್ರೀ ಬಂದು ನಿಂತಿದ್ದಳು. ಅಕ್ಕ ಉಂಡಿ ಕಡಿಯುವುದನ್ನು ನಿಲ್ಲಿಸಿದಳು. ಮುದುಕರ ಮುಖದಲ್ಲಿ ಆಗಲೇ ನಗು ಸಿದ್ಧವಾಗಿತ್ತು. ಬೇಡ ಎಂದರೆ ಆ ನಗು ಏನಾಗುತ್ತದೆ ಎಂದು ಯೋಚಿಸಿದ. ಹೂಂ ಎಂದರೆ ತಾನು ಏನಾಗುತ್ತೇನೆ ಎಂದು ಯೋಚಿಸಿದ. ಯಾರನ್ನೂ ನೋಯಿಸದ ಮಾತು ಒಂದೇ ಉಳಿಯಿತು.

"ಮನ್ಯಾಗ ಮಾತಾಡಿ... ತಿಳಸ್ತೇವ್ರಿ."

"ಆಗಲ್ರಿ, ಆಗಲ್ರಿ!" ಚಂದ್ರಾಮಪ್ಪ ಮತ್ತೆ ಅವನ ಎರಡೂ ಕೈ ಹಿಡಿದುಕೊಂಡರು. "ಅವಸರ ಏನಿಲ್ಲ. ನಾವೂ ಬ್ಯಾರೆ ಕಡಿ ನೋಡಂಗಿಲ್ಲ. ಶಹಾಪುರದವ್ರಿಗೆ ಇವತ್ತೇ ಫೋನ್ ಹಚ್ಚಿ ಹೇಳಿಬಿಡ್ತೇನಿ."

ವಿಜಯಶ್ರೀ ಬಾಗಿಲು ಬಿಟ್ಟು ಬಂದು ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟಳು. ಅವನ ತಟ್ಟೆಯನ್ನೂ ಎತ್ತಿಕೊಂಡಳು. ಅವನ ಕಡೆ ನೋಡಲಿಲ್ಲ. ಅಮರನಾಥ ನಮಸ್ಕಾರ ಮಾಡಿ ಚಪ್ಪಲಿ ಮೆಟ್ಟಿದ.

ಕಾರು ಊರು ದಾಟಿದ ಮೇಲೆ ಮಧುಮತಿ ಮಾತು ತೆಗೆದಳು.

"ಹುಡುಗಿ ಛಲೋ ಇದ್ಳು."

"ಹೂಂ."

"ಹೂಂ ಅಂದ್ರ ಏನು? ಒಪ್ಪಿಗಿನಾ?"

"ನೋಡೋಣು."

"ಇನ್ನೂ ಏನ್ ನೋಡ್ತೀಯೋ, ಮಾರಾಯ? ಮಂದಿ ಮನಿ ಚುಡುವಾ ತಿಂದು ತಿಂದು ನನಗ ನಾಚಿಕಿ ಬಂದದ."

ಅವನು ಫೋನು ತೆಗೆದ. ಚಂದ್ರಾಮಪ್ಪನವರ ನಂಬರು ಇತ್ತು. ಬೇಡ ಎಂದು ಬರೆದ, ಅಳಿಸಿದ. ಒಪ್ಪಿಗೆ ಎಂದು ಬರೆದ, ಅಳಿಸಿದ. ಹೊಳೆಯ ಸೇತುವೆ ಬಂದಾಗ ಫೋನನ್ನು ಬಂದ್ ಮಾಡಿ ಜೇಬಿಗೆ ಹಾಕಿದ. ಈ ಹೊತ್ತಿಗೆ ಶಹಾಪುರಕ್ಕೆ ಮಾತು ಹೋಗಿರುತ್ತದೆ ಎಂದು ಗೊತ್ತಿತ್ತು.

ಗಾಣಗಾಪುರದಲ್ಲಿ ಅವನನ್ನು ಇಳಿಸಿ ಅವರು ಆಳಂದಕ್ಕೆ ಹೋದರು. ಹೊತ್ತು ಇಳಿಯುತ್ತಿತ್ತು. ಮನೆಗೆ ಹೋಗುವ ಬದಲು ಹೊಳೆಗೆ ಹೋದ. ಚೀಲ ಬಿಚ್ಚಲಿಲ್ಲ. ದಂಡೆಯ ಮೇಲೆ ನಿಂತ.

"ಸರ್, ಸ್ವಲ್ಪ ಇಲ್ಲಿ ಬರ್ರಿ."

ಖಾದರಸಾಬ ಬಲೆ ಎಳೆದು ಮುಗಿಸಿದ್ದ. ಪಕ್ಕದಲ್ಲಿ ನೀರು ತುಂಬಿದ ಪ್ಲಾಸ್ಟಿಕ್ ಟಬ್ಬಿತ್ತು.

"ಮುಂಜಾನೆ ಹೇಳಬೇಕಂದೆ, ಬಾಯಿ ಬರ್ಲಿಲ್ಲ. ಸಿಟ್ಟ ಮಾಡ್ಕೋಬ್ಯಾಡ್ರಿ. ಈ ತಿಂಗಳಾಗ ಇದು ಆರನೇದು."

ಟಬ್ಬಿನಲ್ಲಿ ಒಂದು ಮೀನು ಓರೆಯಾಗಿ ತೇಲುತ್ತಿತ್ತು. ಜೀವ ಇತ್ತು. ಅದರ ಒಂದು ಮಗ್ಗುಲಿನಲ್ಲಿ ಹತ್ತಿಯಂಥ ಬಿಳಿ ಬೂಷ್ಟು ಬೆಳೆದಿತ್ತು. ನಾಲ್ಕು ಪಟ್ಟಿ, ಒಂದರ ಪಕ್ಕ ಒಂದು. ಖಾದರಸಾಬ ಹೊರಳಿಸಿ ತೋರಿಸಿದ. ಆಚೆ ಮಗ್ಗುಲಿನಲ್ಲಿ ಒಂದೇ ಒಂದು, ಗಿಡ್ಡ, ದಪ್ಪ.

"ಒಣ ಕೈಲೆ ಹಿಡದ್ರ ಮೈ ಮ್ಯಾಲಿನ ಲೋಳಿ ಹೋಗ್ತದ್ರಿ. ಚಳ್ಯಾಗ ಅಲ್ಲೇ ಬೂಷ್ಟ ಹತ್ತತದ. ಸಂತ್ಯಾಗ ಯಾರೂ ಮುಟ್ಟಂಗಿಲ್ಲ."

"ನೀರಾಗ ಬಿಟ್ರ?"

"ಎಂಟ ದಿನ ಇರ್ತದ. ಮೇಯಂಗಿಲ್ಲ, ಬ್ಯಾರೆ ಮೀನಿನ ಕೂಡ ಹೋಗಂಗಿಲ್ಲ. ಅದಕ್ಕ ನಾ ಕಲ್ಲಿಗೆ ಬಡದು ಕತಂ ಮಾಡ್ತೇನಿ. ಇದನ್ನ ಮಾತ್ರ ನಿಮಗ ಕೇಳೋಣು ಅಂತ ಇಟ್ಟೇನಿ."

ಅವನು ಮೀನನ್ನು ಎತ್ತಿ ಅಮರನಾಥನ ಎಡಗೈಗೆ ಕೊಟ್ಟ. ಅಮರನಾಥ ಏನೂ ಮಾಡಬೇಕಾಗಲಿಲ್ಲ. ನಾಲ್ಕು ಬೆರಳು ನಾಲ್ಕು ಬಿಳಿ ಪಟ್ಟಿಗಳ ಮೇಲೆ, ಹೆಬ್ಬೆರಳು ಆಚೆಯದರ ಮೇಲೆ ತಾವಾಗಿ ಕೂತವು. ಕೂದಲೆಳೆಯಷ್ಟೂ ಆಚೀಚೆ ಆಗಲಿಲ್ಲ.

"ಬಿಡ್ತೀರೋ, ಬಡೀಲೋ? ಹೇಳ್ರಿ ಸರ್," ಎಂದ ಖಾದರಸಾಬ.

ಮುಂದೆ ನೀರಿತ್ತು, ಹಿಂದೆ ಕಲ್ಲಿತ್ತು. ಅಮರನಾಥ ಎರಡರ ನಡುವೆ ನಿಂತಿದ್ದ. ಖಾದರಸಾಬ ಇನ್ನೊಮ್ಮೆ ಕೇಳಿದ. ಮೀನು ಗಾಳಿಯಲ್ಲಿ ಬಾಯಿ ತೆರೆಯಿತು, ಮುಚ್ಚಿತು, ತೆರೆಯಿತು. ಅವನ ಹಿಡಿತ ಸಡಿಲಾಗಲಿಲ್ಲ.